ಕೊಂಬಿನ ಹಿಡಿ, ಹೊರಗಿನ ಕೀಲಿ

ದಾವಲಮಲಿಕನಿಗೆ ಎರಡು ವರ್ಷದ ಕೂಲಿ ಬರಬೇಕಾಗಿದೆ. ಕೊಡಬೇಕಾದವನು ಫೋಂಡಾದ ಚೂರಿ ಅಂಗಡಿಯ ಮಾಲಕ. ಆಳುಗಳಿಗೆಲ್ಲ ಅವನು ‘ಪಾತ್ರಾಂವ’, ಕೊಂಕಣಿಯಲ್ಲಿ ಧಣಿ. ವಾರಕ್ಕಿಷ್ಟು ಅಕ್ಕಿ, ಚಹಾಪುಡಿ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಕೂಲಿ ಕೇಳಿದರೆ, “ಬಿಟ್ಟು ಹೋಗೂ ದಿನಾ ಲೆಕ್ಕಾ ಮಾಡೂಣು” ಅನ್ನುತ್ತಾನೆ.

ಬಿಟ್ಟು ಹೋಗುವುದು ಎಲ್ಲಿಗೆ? ಎಮ್ಮೆಕೊಂಬನ್ನು ಕೊಯ್ದು, ಬೆಂಕಿಗೆ ಹಿಡಿದು ಮೆತ್ತಗೆ ಮಾಡಿ, ಹಲಗೆಗಳ ನಡುವೆ ಒತ್ತಿ, ಅರದಿಂದ ಉಜ್ಜಿ ಚೂರಿಗೆ ಹಿಡಿ ಕೂಡಿಸುವುದು ಅವನ ಕೆಲಸ. ಹಿಡಿ ಕರ್ರಗೆ ಮಿಂಚುತ್ತದೆ. ಹೊಗೆ ಮಾತ್ರ ಸುಟ್ಟ ಕೂದಲಿನ ನಾತ. ಅದು ಅವನ ಚರ್ಮಕ್ಕೆ, ಕೌದಿಗೆ, ಹೆಂಡತಿ ಜೈನಬಳ ಜಡೆಗೂ ಹತ್ತಿದೆ. ಹಾಗಾಗಿ ಊರಲ್ಲಿ ಯಾರೂ ಖೋಲಿ ಕೊಡಲಿಲ್ಲ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಕೊಂಬಿನ ರಾಶಿಯ ಪಕ್ಕದಲ್ಲೇ ಇಬ್ಬರ ಹಾಸಿಗೆ. ಮಾಲು ಕಳುವಾದೀತೆಂದು ಪಾತ್ರಾಂವ ದಿನಾ ಸಂಜೆ ಹೊರಗಿನಿಂದ ಕೀಲಿ ಜಡಿದು ಮನೆಗೆ ಹೋಗುತ್ತಾನೆ.

ತೊಂಬತ್ತನೇ ಇಸವಿಯಲ್ಲಿ ಮೊದಲ ಕೂಸು ಆ ಕೀಲಿಯೊಳಗೇ ಹುಟ್ಟಿತು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ತಣ್ಣಗಾಗಿತ್ತು. ಈಗ, ವರ್ಷ ಕಳೆಯುವಷ್ಟರಲ್ಲಿ, ಜೈನಬ ಮತ್ತೆ ತುಂಬು ಬಸುರಿ.

“ಈ ಸಲ ಇಲ್ಲಿ ಹಡಿಯಾಂಗಿಲ್ಲ,” ಅಂದಳು. “ಖೋಲಿ ನೋಡ್ತೀರೋ, ರಸ್ತಾದಾಗ ಹಡೀಲೋ?”

ಕಡಲ ದಂಡೆಯ ಬಾಯ್ನಾದಲ್ಲಿ ಥಾವರಿಬಾಯಿ ಎಂಬ ಲಂಬಾಣಿ ಮುದುಕಿ ಬಾಡಿಗೆಗೆ ಖೋಲಿ ಕೊಡುತ್ತಾಳೆ, ಬಂದರಿನಲ್ಲಿ ಹಮಾಲಿಯೂ ಸಿಗುತ್ತದೆ ಎಂದು ಸುದ್ದಿ ಬಂತು. ಹೋದ ರವಿವಾರ ದಾವಲಮಲಿಕ ಬೂದಿ ಹಚ್ಚಿ, ಸೀಗೆಕಾಯಿ ತಿಕ್ಕಿ ಮಿಂದ. ಹಬ್ಬಕ್ಕೆ ತಂದಿಟ್ಟ ಅತ್ತರನ್ನು ಅಂಗಿಗೆಲ್ಲ ಸುರಿದುಕೊಂಡ. ಅದೇ ತಪ್ಪಾಯಿತು. ಜೈನಬಳ ಜೊತೆ ಬಾಯ್ನಾಕ್ಕೆ ಹೊರಟ ಬಸ್ಸಿನ ಸೆಕೆಗೆ ಬೆವರು, ಅತ್ತರು, ಕೊಂಬು ಮೂರೂ ಕಲೆತು, ಹೆಣಕ್ಕೆ ಸುಗಂಧ ಪೂಸಿದಂತಾಯಿತು.

ಥಾವರಿಬಾಯಿ ಮೂಗಿಗೆ ಸೆರಗು ಒತ್ತಿಕೊಂಡಳು. “ಏ ತಮ್ಮಾ, ಯಾರನ್ನರ ಸುಟ್ಟು ಬಂದೀಯೇನ?”

“ಇಲ್ಲಬೇ ಯವ್ವಾ, ಕೊಂಬಿನ ಕೆಲಸ. ಬಿಟ್ಟಮ್ಯಾಲ ಹೋಗ್ತದ.”

“ಯಾವಾಗ ಹೋಗ್ತದ?”

ಜೈನಬ ಅಂಗಳದ ತುಂಬ ಹರವಿದ್ದ ಒಣಮೀನಿನ ಕಡೆ ಕೈ ತೋರಿಸಿದಳು. “ಇದೇನ ಮಲ್ಲಿಗಿ ಹೂವೇನಬೇ?”

ನೆರೆಯ ಹೆಂಗಸರು ಕಿಸಕ್ಕೆಂದರು. ಮುದುಕಿಯೂ ನಕ್ಕಳು. ನಕ್ಕೇ ಹೇಳಿದಳು: “ಮೀನಿನ ನಾತಕ್ಕ ಹಸಿವಿ ಆಗ್ತದ, ಮಗಳ. ಇದಕ್ಕ ಸುಡುಗಾಡು ನೆನಪಾಗ್ತದ. ನಿಮಗ ಖೋಲಿ ಕೊಟ್ರ ಉಳಿದ ಬಾಡಿಗಿಯವ್ರು ಎದ್ದು ಹೋಗ್ತಾರ. ಆಮ್ಯಾಲ ನಾ ಏನ್ ತಿನ್ಲಿ?”

ಚಹಾ ಕುಡಿಸಿ ಕಳಿಸಿದಳು.

ಸಂಜೆ ಫೋಂಡಾದಲ್ಲಿ ಪಾತ್ರಾಂವ ಬೈಯಲಿಲ್ಲ. “ಬಾಯ್ನಾ ನೋಡಿ ಬಂದ್ರ್ಯಾ? ಚಲೋ ಆತು,” ಎಂದು ಬಾಗಿಲು ಬಿಟ್ಟು ಸರಿದು ನಿಂತ.

“ಕೀಲಿ ಒಂದ್ ಹಾಕಬ್ಯಾಡ್ರಿ. ಆಕಿಗೆ ದಿನಾ ತುಂಬ್ಯಾವು.”

“ಕೊಂಬು ಕಳುವಾದ್ರ ನೀ ತುಂಬ್ತೀಯೇನು?”

ಯಾರೂ ನೂಕಲಿಲ್ಲ, ಇಬ್ಬರೂ ತಾವಾಗಿಯೇ ಒಳಗೆ ಹೋದರು. ಕೀಲಿ ಬಿತ್ತು.

ನಿಮ್ಮ ಮನೆಯ ಗೋಡೆಗೂ ಅಂಥದೊಂದು ಚೂರಿ ನೇತುಬಿದ್ದಿರಬಹುದು. ಮೂಸಿ ನೋಡಿ, ಏನೂ ನಾತವಿಲ್ಲ. ಅದೆಲ್ಲ ಅವನ ಮೈಮೇಲೆ ಉಳಿಯಿತು. ನಿಮ್ಮ ಮರುಕ ಕಟ್ಟಿಕೊಂಡು ಜೈನಬ ಏನು ಮಾಡಬೇಕು? ನಿಮ್ಮ ಹಿತ್ತಲಿನ ಖೋಲಿ ಖಾಲಿ ಬಿದ್ದಿದೆ. ಮೂಗು ಮುಚ್ಚಿಕೊಂಡಾದರೂ ಸರಿ, ಈ ವಾರವೇ ಅದನ್ನು ಅವರಿಗೆ ಬಾಡಿಗೆಗೆ ಕೊಡಿ. ಕೊಡುತ್ತೀರೋ ಇಲ್ಲವೋ, ಹೇಳಿ.