ಮೂರು ಕೈ ಬಣ್ಣ

2023ರ ಬೇಸಿಗೆ. ನೀರಿನ ಪೈಪುಗಳನ್ನು ಒಳಗಿನಿಂದ ಪರೀಕ್ಷಿಸುವ ಕಾರವಾರದ ಸಣ್ಣ ಗುತ್ತಿಗೆ ಸಂಸ್ಥೆಯೊಂದರಲ್ಲಿ ನಾನು ಎಂಜಿನಿಯರ್. ಆಪರೇಟರುಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಊರಿಗೆ ನೀರು ತರುವ ಮುಖ್ಯ ಪೈಪಿನ ತಿರುವೊಂದರಲ್ಲಿ ಬಿರುಕಿನ ಅನುಮಾನವಿತ್ತು. ಅದನ್ನು ನೋಡಲು ಮುಂಬೈಯಿಂದ ಕ್ರಾಲರ್ ಬಾಡಿಗೆಗೆ ಬರುವುದಿತ್ತು. ಕ್ರಾಲರ್ ಎಂದರೆ ಕ್ಯಾಮೆರಾ ಹೊತ್ತು ಪೈಪಿನೊಳಗೆ ಸಾಗುವ ರೋಬೋಟ್. ಹೊರಗೆ ಕುಳಿತವರು ಪರದೆ ನೋಡಿ ನಡೆಸಬೇಕು. ನೀರು ನಿಲ್ಲಿಸಲು ಸಿಕ್ಕಿದ್ದು ಆರೇ ತಾಸು. ತಿರುವಿನಲ್ಲಿ ಎರಡೂ ಬದಿಗೆ ಉಳಿಯುವ ಜಾಗ ಎರಡೆರಡು ಸೆಂಟಿಮೀಟರ್. ಸಿಕ್ಕಿಬಿದ್ದರೆ ಪೈಪು ಕತ್ತರಿಸಬೇಕು, ಊರಿನ ನಲ್ಲಿಗಳು ದಿನಗಟ್ಟಲೆ ಒಣಗುತ್ತವೆ. ನಮ್ಮ ಮೂವರು ಆಪರೇಟರುಗಳಲ್ಲಿ ಯಾರೂ ಅಂಥ ಯಂತ್ರ ಮುಟ್ಟಿದವರಲ್ಲ.

ಅವರ ಅಭ್ಯಾಸಕ್ಕೆ ಅದೇ ಅಳತೆಯ ಮಾದರಿಯೊಂದನ್ನು ಮಾಡೋಣವೆಂದು ಕ್ರಾಲರಿನ ನಕ್ಷೆ ತರಿಸಿಕೊಂಡು ಹಟ್ಟಿಕೇರಿಯ ನಮ್ಮ ಮನೆಗೆ ಹೋದೆ. ಅಪ್ಪ ನಲವತ್ತು ವರ್ಷ ದೋಣಿಗಳಿಗೆ ಬಣ್ಣ ಹೊಡೆದವರು. ಪ್ಲೈವುಡ್ ಕೊಯ್ದು ರೋಬೋಟಿನ ಮೈ ಕಟ್ಟಿದ್ದು ಅವರು. ಆಟಿಕೆ ಕಾರಿನ ಮೋಟಾರು, ಚಕ್ರ, ಕ್ಯಾಮೆರಾ ಕೂರಿಸಿದ್ದು ನಾನು. ಕ್ಯಾಮೆರಾ ನಕ್ಷೆಯಲ್ಲಿದ್ದಂತೆ ನಡುವಿನಿಂದ ತುಸು ಎಡಕ್ಕಿತ್ತು. ಆಗ ಅದರ ಬಗ್ಗೆ ಯೋಚಿಸಲಿಲ್ಲ. ತಳದಲ್ಲಿ ಕೆಂಪು, ಮೇಲೆ ಬಿಳಿ, ಕೊನೆಗೆ ನೀಲಿ, ಹೀಗೆ ಮೂರು ಕೈ ಬಣ್ಣ ಬೇಕು, ಉಜ್ಜಿದಲ್ಲಿ ಒಳಗಿನದು ಕಾಣುತ್ತದೆ ಎಂದು ನಾನು ಹೇಳಿದೆ. ಕನಿಷ್ಠ, ನನಗೆ ನೆನಪಿರುವುದು ಹಾಗೆ.

ಕಚೇರಿಯ ಹಿತ್ತಲಲ್ಲಿ ಸಿಮೆಂಟ್ ಪೈಪು ಜೋಡಿಸಿ ತಿರುವು ಮಾಡಿದೆವು. ಹಿರಿಯ ಆಪರೇಟರ್ ನಾಗೇಂದ್ರ ರೋಬೋಟನ್ನು ಎತ್ತಿ ನೋಡಿದ. “ಎಂತ ಮೇಡಂ, ಇದ್ಕೆ ಬಲೆ ಒಂದು ಕೊಟ್ರೆ ಮೀನಿಗೇ ಹೋಗ್ತದೆ.”

ಮೊದಲ ಓಟ ಪರದೆಯ ಮೇಲೆ ಸೊಗಸಾಗಿತ್ತು. ಹೊರಗೆಳೆದರೆ ಬಲಭುಜದ ನೀಲಿ ಹೋಗಿ ಬಿಳಿ, ಒಂದು ಕಡೆ ಕೆಂಪೇ ಕಾಣುತ್ತಿತ್ತು.

“ಸ್ಕ್ರೀನಲ್ಲಿ ನಟ್ಟನಡುವೇ ಇತ್ತಲಾ,” ನಾಗೇಂದ್ರ ಮುಖ ಸಣ್ಣದು ಮಾಡಿದ.

ಉಳಿದಿಬ್ಬರು ನಡೆಸಿದಾಗಲೂ ಅದೇ ಭುಜ ಸವೆಯಿತು. ಆಗ ಹೊಳೆಯಿತು: ಪೈಪಿನ ನಡುವೆ ಸಾಗುತ್ತಿದ್ದುದು ಎಡಕ್ಕಿದ್ದ ಕ್ಯಾಮೆರಾ, ರೋಬೋಟಿನ ಮೈ ಬಲಕ್ಕೆ ಸರಿದು ಗೋಡೆಗೆ ತಾಗುತ್ತಿತ್ತು. ಪರದೆಯ ನಡುವಿನಿಂದ ತುಸು ಬಲಕ್ಕೆ ಟೇಪು ಅಂಟಿಸಿ, ಪೈಪಿನ ನಡುವು ಆ ಗುರುತಿಗೆ ಬರುವಂತೆ ನಡೆಸಲು ಹೇಳಿದೆ. ಅಪ್ಪ ದಿನಾ ಬಸ್ಸಿನಲ್ಲಿ ಡಬ್ಬಿ ಹಿಡಿದು ಬಂದು, ಸವೆದಲ್ಲಿ ಬಣ್ಣ ತುಂಬಿ ಹೋಗುತ್ತಿದ್ದರು. ಒಂಬತ್ತನೆಯ ದಿನ ರೋಬೋಟನ್ನು ತಿರುಗಿಸಿ ತಿರುಗಿಸಿ ನೋಡಿ, ಡಬ್ಬಿ ತೆರೆಯದೇ ಎದ್ದರು.

“ಇವತ್ತು ಸುಮ್ನೆ ಬಂದಂಗಾಯ್ತು ನಾನು.”

ನಿಜವಾದ ಕ್ರಾಲರ್ ಪೈಪಿಗಿಳಿದ ದಿನ ನಿಯಂತ್ರಣ ನಾಗೇಂದ್ರನ ಕೈಯಲ್ಲಿತ್ತು. ತಿರುವು ದಾಟಿತು, ಬಿರುಕು ಸಿಕ್ಕಿತು, ನಾಲ್ಕು ತಾಸಿನೊಳಗೆ ಹೊರಬಂತು. ಅದರ ಹಳದಿ ಮೈಗೆ ಒಂದು ಗೀರೂ ಇರಲಿಲ್ಲ. ಅವನು ಮೊದಲು ಫೋನ್ ಮಾಡಿದ್ದು ಅಪ್ಪನಿಗೆ. “ಕಾಕಾ, ಒಂದು ಚೂರೂ ತಾಗಲಿಲ್ಲ.”

ಇದನ್ನು ಬರೆಯುವಾಗ ಆ ವರ್ಷದ ದಿನಚರಿ ತೆಗೆದೆ. ನನ್ನದೇ ಅಕ್ಷರ: “ಅಪ್ಪ ಕೆಂಪಿನ ಮೇಲೆ ಬಿಳಿ ಹೊಡೆಯುತ್ತಿದ್ದಾರೆ. ಒಂದೇ ಬಣ್ಣ ಸಾಕು, ಟೈಮ್ ಹಾಳು ಎಂದು ರೇಗಿದೆ. ‘ದೋಣಿಗೂ ಹಿಂಗೇ ಹೊಡೂದು ಮಗಾ. ಎಲ್ಲಿ ತಾಗ್ತು ಅಂತ ಬಣ್ಣವೇ ಹೇಳ್ತದೆ’ ಅಂದರು.” ಕಚೇರಿಯ ವರದಿಯಲ್ಲಿ ಮಾತ್ರ ನಾನು ‘ನನ್ನ ಯೋಜನೆಯಂತೆ’ ಎಂದು ಬರೆದಿದ್ದೆ. ಆಗಲೇ ಮರೆತಿದ್ದೆನೋ, ಮರೆಯಬೇಕೆಂದಿದ್ದೆನೋ, ಗೊತ್ತಿಲ್ಲ.

ವರದಿ ತಿದ್ದಿಸಿ ಅಪ್ಪನ ಹೆಸರು ಹಾಕಿಸಿದೆ. ಯಾವ ಮಾತು ಯಾರದೆಂದು ಅಂದಂದೇ ಬರೆದಿಡಬೇಕು, ಬರೆದದ್ದನ್ನು ತಿರುಗಿ ಓದಲೂ ಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಈಗ ಕಚೇರಿ ಇನ್ನೊಂದು ಮಾದರಿ ಕೇಳಿದೆ. ಸುದ್ದಿ ಹೇಳಿದಾಗ ಅಪ್ಪ ಬ್ರಶ್ ನೆನೆಹಾಕುತ್ತಾ ಕೇಳಿದರು:

“ಈ ಸಲ ಎಷ್ಟು ಕೈ ಹೊಡೀಲಿ, ಎಂಜಿನಿಯರಮ್ಮಾ?”

“ನೀನು ಹೇಳ್ದಷ್ಟು, ಅಪ್ಪಾ.”