ಆರನೆಯ ಭೇಟಿ

ಶಿವಲಿಂಗವ್ವ ಮುದ್ದೇಬಿಹಾಳದ ಕಡೆಯವಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ಯಶವಂತಪುರದ ಫ್ಯಾಕ್ಟರಿಯಲ್ಲಿದ್ದ ಅಣ್ಣ ಪಂಚಪ್ಪ ಅವಳನ್ನು ಕರೆತಂದು ಬಿ.ಎ. ಓದಿಸಿದ. ೧೯೭೮ರಲ್ಲಿ, ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆಂದು ಅಧ್ಯಯನ ಮಾಡುವ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು.

ಯಲಹಂಕ, ಬಾಗಲೂರು, ಹುಣಸಮಾರನಹಳ್ಳಿಯ ಮೂರು ವರ್ಷದ ನೂರಿಪ್ಪತ್ತು ಮಕ್ಕಳನ್ನು ಆರು ತಿಂಗಳಿಗೊಮ್ಮೆ, ಒಟ್ಟು ಎಂಟು ಸಲ ಕಂಡು ಬರಬೇಕು. ಚಿತ್ರ ತೋರಿಸಿದರೆ ಮಗು ಎಷ್ಟು ಮಾತಾಡುತ್ತದೆ, ಹೇಳಿಕೊಟ್ಟ ಅಂಕಿಗಳಲ್ಲಿ ಎಷ್ಟನ್ನು ಒಪ್ಪಿಸುತ್ತದೆ, ಎದುರಿಗಿಟ್ಟ ಪೆಪ್ಪರ್‌ಮಿಂಟನ್ನು ಮುಟ್ಟದೆ ಎಷ್ಟು ಹೊತ್ತು ಕಾಯುತ್ತದೆ, ಇವನ್ನು ಬರೆದು ತರಬೇಕು.

ಮಾತು ಬೆಳೆದಂತೆ ತಾಳ್ಮೆ ಬರುತ್ತದೋ, ತಾಳ್ಮೆಯಿಂದ ಮಾತು ಬೆಳೆಯುತ್ತದೋ ಎನ್ನುವುದು ಮುಖ್ಯಸ್ಥ ಡಾಕ್ಟರ್ ತ್ರಿವಿಕ್ರಮರ ಪ್ರಶ್ನೆ. "ಒಂದೇ ದಿನ ಅಳೆದ್ರೆ ಗೊತ್ತಾಗಲ್ಲ ಕಣ್ರೀ," ಎಂದು ಅವರು ಮೊದಲ ವಾರವೇ ವಿವರಿಸಿದ್ದರು. "ಹೋದ ಸಲದ ಮಾತನ್ನ ಈ ಸಲದ ತಾಳ್ಮೆ ಜೊತೆ ಹೋಲಿಸ್ಬೇಕು. ಆಮೇಲೆ ಹೋದ ಸಲದ ತಾಳ್ಮೆನ ಈ ಸಲದ ಮಾತಿನ ಜೊತೆ. ಯಾವ ನಂಟು ಗಟ್ಟಿಯೋ, ಅದರಲ್ಲಿ ಹೋದ ಸಲ ಅಳೆದದ್ದು ಮುಂದೆ ನಡೀತಿದೆ, ಇನ್ನೊಂದು ಅದರ ಹಿಂದೆ ಬರ್ತಿದೆ ಅಂತ."

ಬಾಗಲೂರಿನಲ್ಲಿ ಪುಟ್ಟಲಕ್ಷ್ಮಿ ಎಂಬ ಹುಡುಗಿಯಿದ್ದಳು. ಅಪ್ಪ ಕಲ್ಲು ಒಡೆಯುವವನು, ತಾಯಿ ಅಂಜಿನಮ್ಮ. ಶಿವಲಿಂಗವ್ವ ಒಂದು ಚಿತ್ರ ತೋರಿಸಿದರೆ ಅವಳು ಮೂರು ಪ್ರಶ್ನೆ ಕೇಳುತ್ತಿದ್ದಳು. ಪೆಪ್ಪರ್‌ಮಿಂಟಿನ ಎದುರು ಮಾತ್ರ ಎರಡು ನಿಮಿಷ ಕೂತರೆ ಹೆಚ್ಚು.

ಎಂಬತ್ತೊಂದರ ಜನವರಿಯಲ್ಲಿ ಆರನೆಯ ಭೇಟಿಗೆ ಹೋದಾಗ ಮನೆಗೆ ಬೀಗ. ಪಕ್ಕದ ಮನೆಯ ರತ್ನಕ್ಕ ಹೇಳಿದಳು: "ಬಂಡೆ ಜಾರಿ ಅವ್ರಪ್ಪ ಓಗ್ಬಿಟ್ಟ ಕಣಮ್ಮ. ಅಂಜಿನಮ್ಮ ಮಾಕಳಿ ತಾವ ಇಟ್ಟಿಗೆ ಕೆಲ್ಸ ಅಂತ ಮಕ್ಕಳನ್ನ ಕಟ್ಕೊಂಡು ಓದ್ಳು."

ಇಷ್ಟಾದ ಮೇಲೆ ಹಾಳೆಯಲ್ಲಿ 'ಸಿಗಲಿಲ್ಲ' ಎಂದು ಬರೆದರೆ ಸಾಕಿತ್ತು. ಶಿವಲಿಂಗವ್ವ ಮೂರು ಭಾನುವಾರ ಮಾಕಳಿಯಲ್ಲಿ ಅಲೆದಳು. ಕೊನೆಗೆ ಒಂದು ಇಟ್ಟಿಗೆ ಗೂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಪುಟ್ಟಲಕ್ಷ್ಮಿ ಸಿಕ್ಕಿದಳು, ಸೊಂಟದ ಮೇಲೆ ತಮ್ಮನನ್ನು ಹೊತ್ತುಕೊಂಡು. ತಾಯಿ ಕೆಲಸದಲ್ಲಿದ್ದಳು.

ಅಂಕಿಗಳನ್ನು ಹುಡುಗಿ ತಪ್ಪಿಲ್ಲದೆ ಒಪ್ಪಿಸಿದಳು. ಚಿತ್ರಗಳಿಗೆ ಮಾತ್ರ ಬಾಯಿ ಬಿಡಲಿಲ್ಲ.

"ಯಾಕವ್ವಾ, ಗೊತ್ತೈತಲ್ಲ ನಿನಗ?"

ಹುಡುಗಿ ಗೊತ್ತೆಂದು ತಲೆಯಾಡಿಸಿದಳು, ಅಷ್ಟೇ. ಪೆಪ್ಪರ್‌ಮಿಂಟಿನ ಮುಂದೆ ಹದಿನೈದು ನಿಮಿಷ, ಅಂದರೆ ಅಳತೆಯ ಕೊನೆಯವರೆಗೂ, ಅಲುಗದೆ ಕೂತಳು.

"ಮುಗೀತು, ತಿನ್ನು."

"ತಮ್ಮುಂಗೆ," ಎಂದು ಅದನ್ನು ಲಂಗದ ಅಂಚಿಗೆ ಕಟ್ಟಿಕೊಂಡಳು. ಆ ದಿನ ಅವಳಾಡಿದ ಮಾತು ಅದೊಂದೇ. ಹಾಳೆಯಲ್ಲಿ ತಾಳ್ಮೆಯ ಕಾಲಮಿನಲ್ಲಿ ಶಿವಲಿಂಗವ್ವ ಮನಸ್ಸಿಲ್ಲದೆಯೇ ಪೂರ್ತಿ ಅಂಕ ಬರೆದಳು.

ತ್ರಿವಿಕ್ರಮರು ಹಾಳೆಯನ್ನು ಪಕ್ಕಕ್ಕಿಟ್ಟರು. "ತಡವಾಯ್ತಲ್ಲ, ಸೇರಿಸೋಕಾಗಲ್ಲ. ಎಂಟೂ ಸಲ ಸರಿಯಾಗಿ ಸಿಕ್ಕಿದ ಮಕ್ಕಳನ್ನಷ್ಟೇ ಲೆಕ್ಕಕ್ಕೆ ತಗೋಳೋದು."

"ಬಿಟ್ಟು ಹೋದವರು ಉಳಿದವರ ಹಂಗ ಇಲ್ರಿ ಸರ. ಅಪ್ಪ ಸತ್ತವು, ಕೆಲಸ ಹೋದವರ ಮಕ್ಕಳು, ಅವ ಹೋಗ್ಯಾವು. ಅವನ್ನ ತಗದ್ರ ಮಾತು, ತಾಳ್ಮಿ ಕೂಡೇ ಬೆಳಿತಾವ ಅಂತ ಬರ್ತೈತಿ. ಈ ಹುಡುಗಿಗೆ ಮಾತು ಹೋಗಿ ತಾಳ್ಮಿ ಬಂದೈತ್ರಿ."

ತ್ರಿವಿಕ್ರಮರು ಪಕ್ಕಕ್ಕಿಟ್ಟ ಹಾಳೆಯನ್ನು ಮತ್ತೆ ಎತ್ತಿ ನೋಡಿದರು. ಕೆಟ್ಟ ಮನುಷ್ಯರಲ್ಲ. "ನೀವು ಹೇಳೋದು ನಿಜ ಇರ್ಬೋದು. ಅದನ್ನ ಲೆಕ್ಕಕ್ಕೆ ತರೋದು ಹ್ಯಾಗೆ ಅಂತ ನನಗೆ ಗೊತ್ತಿಲ್ಲ," ಎಂದರು.

ಜುಲೈನಲ್ಲಿ ಅವಳು ಮತ್ತೆ ಮಾಕಳಿಗೆ ಹೋದಳು. ಮಳೆಗೆ ಗೂಡಿನ ಕೆಲಸ ನಿಂತಿತ್ತು, ಶೆಡ್ಡುಗಳನ್ನು ಕಿತ್ತಿದ್ದರು. ನೆಲಮಂಗಲದ ಕಡೆ ಹೋದರೆಂದು ಒಬ್ಬರು, ತುಮಕೂರಿಗೆಂದು ಇನ್ನೊಬ್ಬರು. ಎರಡು ಕಡೆಯೂ ಹುಡುಕಿದಳು. "ಸಾಕು ಬಿಡವ್ವ, ಎಷ್ಟಂತ ತಿರುಗತಿ," ಎಂದ ಪಂಚಪ್ಪ. ಮುಂದಿನ ಭಾನುವಾರ ಅವಳು ಹೋಗಲಿಲ್ಲ.

೧೯೮೩ರಲ್ಲಿ ವರದಿ ಬಂತು. ಎಂಬತ್ತಮೂರು ಮಕ್ಕಳ ಲೆಕ್ಕದಲ್ಲಿ, ಮಾತು ಮುಂದೆ, ತಾಳ್ಮೆ ಅದರ ಹಿಂದೆ. ಉಳಿದ ಮೂವತ್ತೇಳು ಮಕ್ಕಳ ಬಗ್ಗೆ ತ್ರಿವಿಕ್ರಮರು ಅಡಿಟಿಪ್ಪಣಿಯಲ್ಲಿ ಒಂದು ಸಾಲು ಸೇರಿಸಿದ್ದರು: ಇವರ ವಿಷಯದಲ್ಲಿ ಈ ಫಲಿತಾಂಶ ನಿಲ್ಲದೆ ಹೋಗಬಹುದು. ಶಿವಲಿಂಗವ್ವ ಅದನ್ನು ನಿಂತೇ ಓದಿ ಪುಸ್ತಕ ಮುಚ್ಚಿದಳು.

ಮುಂದೆ ಎರಡನೆಯ ಅಧ್ಯಯನ ಶುರುವಾದಾಗ ಹೊಸಬರಿಗೆ ಕೆಲಸ ಕಲಿಸಿದ್ದು ಅವಳೇ. ಪ್ರತಿ ಮಗುವಿನ ಮನೆಯಲ್ಲೂ ಒಬ್ಬ ನೆಂಟರ ವಿಳಾಸ ಬರೆದುಕೊಳ್ಳಬೇಕೆಂದು ಕಟ್ಟುನಿಟ್ಟು ಮಾಡಿದಳು. ಆದರೂ ಮೂರನೆಯ ಭೇಟಿಗೆ ಹದಿನಾಲ್ಕು ಮಕ್ಕಳು ಸಿಗಲಿಲ್ಲ. ಆ ವಿಳಾಸಗಳಿಗೆಲ್ಲ ಅವಳೇ ಪತ್ರ ಬರೆದಳು. ಉತ್ತರ ಬಂದದ್ದು ಎರಡಕ್ಕೆ.