ರಾಶಿಯ ದಿನ ಕೇಳಿದ ಪ್ರಶ್ನೆ

ಇಬ್ರಾಹಿಂಪುರದ ರೈಲು ಹಳಿಯಾಚೆ ಲಾಡಲೇಸಾಬನಿಗೆ ಮೂರು ಎಕರೆ ಎರೆಹೊಲವಿತ್ತು. ಅವನು ಹುಟ್ಟಿದ್ದು 1919ರ ಮಾರ್ಚ್ 4ರಂದು. ಆ ಹೊಲದಲ್ಲಿ ಮೊದಲು ಕೂರಿಗೆ ಹಿಡಿದದ್ದು 1932ರ ಹಿಂಗಾರಿಯಲ್ಲಿ. ಅಂದಿನಿಂದ ಒಂದು ವರ್ಷವೂ ಜೋಳ ಬಿತ್ತದೆ ಬಿಟ್ಟವನಲ್ಲ. 1973ರ ಏಪ್ರಿಲ್ 1ರಂದು ವಿಜಾಪುರ ನಗರದ ಮೇರೆ ಹಳಿ ದಾಟಿ ಬಂದು ಹೊಲವನ್ನು ಒಳಗೆ ಹಾಕಿಕೊಂಡಿತು. ಪಕ್ಕದ ಹೊಲದ ಶಿವಯೋಗೆಪ್ಪ ತನ್ನದನ್ನು ಮನೆಗಳಿಗೆಂದು ತುಂಡು ಮಾಡಿ ಮಾರಿಬಿಟ್ಟ.

“ನಿನ್ನ ಹೊಲಾನೂ ಮನಿ ಜಾಗಾ ಅಂತ ಬರಕೊಂಡ್ರ, ಕರ ನಿನ್ನ ಜ್ವಾಳಾನೂ ನುಂಗತೈತಿ, ಎತ್ತೂ ನುಂಗತೈತಿ. ಮಾರಿ ಬಿಡೋ ಮಾರಾಯಾ,” ಎಂದ.

“ಬರಕೊಳ್ಳಾವ್ರಿಗೆ ಕಣ್ಣಿಲ್ಲೇನು?” ಎಂದು ಲಾಡಲೇಸಾಬ ನಕ್ಕಿದ್ದ.

1974ರ ಫೆಬ್ರವರಿ 18, ಸೋಮವಾರ, ಜೋಳದ ರಾಶಿ. ತೂರಿದ ಕಾಳು ಗುಡ್ಡೆಯಾದ ಮೇಲೆ ಕೊನೆಯ ಅಳತೆ ಚೀಲಕ್ಕೆ ಬೀಳುವವರೆಗೆ ಕಣದಲ್ಲಿ ಯಾರೂ ಬಾಯಿ ತೆರೆಯಬಾರದು. ತೆರೆದರೆ ಕಾಳಿನ ಬರಕತ್ತು, ಅದರ ಸಮೃದ್ಧಿ, ಎದ್ದು ಹೋಗುತ್ತದೆ ಎಂಬುದು ತಂದೆ ಕಲಿಸಿದ ಪಾಠ. ಲಾಡಲೇಸಾಬ ಅಳೆಯುತ್ತಿದ್ದ, ತಿಕೋಟಾದಿಂದ ಚಕ್ಕಡಿ ಹೂಡಿಕೊಂಡು ನೆರವಿಗೆ ಬಂದಿದ್ದ ತಮ್ಮ ಬಾಬುಸಾಬ ಚೀಲ ಹಿಡಿದಿದ್ದ. ಆಗಲೇ ನಗರದ ಜಾಗಗಳಿಗೆ ಕರ ನಿರ್ಧರಿಸುವ ಅಧಿಕಾರಿಯ ಜೀಪು ಬಂದು ನಿಂತಿತು.

ದಂಟನ್ನು ಬೇರುಸಹಿತ ಕಿತ್ತು ಮೇವಿನ ಕಣಿಕೆಯನ್ನು ಮನೆಗೆ ಸಾಗಿಸಿದ್ದರಿಂದ ಹೊಲದಲ್ಲಿ ಒಂದು ಕೂಳೆಯೂ ಇರಲಿಲ್ಲ. ಬಡಿದು ಸೆಗಣಿ ಸಾರಿಸಿದ ಕಣ ಮನೆಗೆ ಹದಮಾಡಿದ ನೆಲದಂತೆ ಕಾಣುತ್ತಿತ್ತು.

“ಈ ಜ್ವಾಳ ಇಲ್ಲೇ ಬೆಳದದ್ದೋ, ಆ ಚಕ್ಕಡ್ಯಾಗ ಎಲ್ಲಿಂದರ ತಂದದ್ದೋ?”

ಅಧಿಕಾರಿ ಮೂರು ಸಲ ಕೇಳಿದ. ಲಾಡಲೇಸಾಬ ಕೈಯಿಂದ ನೆಲ ತೋರಿಸಿದ. ಬೆವರು ಗಡ್ಡದಿಂದ ಇಳಿಯುತ್ತಿತ್ತು, ತುಟಿ ಬಿಚ್ಚಲಿಲ್ಲ.

“ಇಬ್ಬರೂ ಮೂಗರೇನೋ!” ಎಂದು ಅಧಿಕಾರಿ ಏನನ್ನೋ ಬರೆದುಕೊಂಡು ಹೋದ.

ಮಾರ್ಚ್ 14ರಂದು ನೋಟೀಸು ಬಂತು: ‘ಖುಲ್ಲಾ ಜಾಗ. ಮನೆ ಕಟ್ಟಲು ಯೋಗ್ಯ. ಮಾಲೀಕ ಹಾಜರಿದ್ದೂ ತಕರಾರು ಮಾಡಿಲ್ಲ.’

ಮಾರ್ಚ್ 18ರಂದು ಲಾಡಲೇಸಾಬ ಹೊಲದ ಪಹಣಿ ಉತಾರ ಹಿಡಿದು ಕರದ ಕಚೇರಿಗೆ ಹೋದ. ಗುಮಾಸ್ತ ತುಕಾರಾಮ ಕನ್ನಡಕ ಏರಿಸಿದ.

“ಅಲ್ರೀ, ಸಾಹೇಬ್ರು ಕೇಳಿದಾಗ ಬಾಯಾಗ ಏನ್ ಇಟ್ಕೊಂಡಿದ್ರಿ?”

“ರಾಶಿ ನಡದಿತ್ರಿ. ಮಾತಾಡಬಾರದ್ರಿ.”

“ಯಪ್ಪಾ, ಇದನ್ನ ಅರ್ಜ್ಯಾಗ ಹ್ಯಾಂಗ ಬರೀಲಿ?” ಆದರೂ ಬರೆದುಕೊಂಡ. “ಮತ್ತೊಮ್ಮಿ ನೋಡಾಕ ಬರ್ತಾರ. ಜೂನ್ ಮೂರು. ಆವತ್ತರ ಬಾಯಿ ಬಿಡ್ರಿ.”

ಲಾಡಲೇಸಾಬ ಉತಾರವನ್ನು ಮತ್ತೆ ಮುಂದೆ ಸರಿಸಿದ. “ಎರಿ ಹೊಲಾರಿ. ಬಿತ್ತೂದು ಸಪ್ಟೆಂಬರದಾಗ. ಜೂನಿನ್ಯಾಗ ಬರೇ ಮಣ್ಣರಿ.”

“ತಾರೀಖು ನಾ ಇಡೂದಲ್ರಿ,” ಎಂದು ತುಕಾರಾಮ ಕಡತ ಕಟ್ಟಿದ.

ಏಪ್ರಿಲಿನಲ್ಲಿ ಶಿವಯೋಗೆಪ್ಪನ ಹೊಲದಲ್ಲಿ ಮನೆ ಜಾಗಗಳ ಗುರುತಿಗೆ ಸುಣ್ಣ ಬಳಿದ ಕಲ್ಲುಗಳು ಎದ್ದವು. ಮೇ ತಿಂಗಳಲ್ಲಿ ಅವು ಬದುವಿನವರೆಗೂ ಬಂದವು. ಆ ಜಾಗಗಳನ್ನು ಅಳೆಯುತ್ತಿದ್ದ, ಟೇಪು ಹಿಡಿದ ಅಪರಿಚಿತನೊಬ್ಬ ದಿನವೂ ಬದುವಿನ ಮೇಲೆ ನಿಂತು ಈಚೆ ನೋಡಿ ಹೋಗತೊಡಗಿದ. ಏನನ್ನೂ ಕೇಳುತ್ತಿರಲಿಲ್ಲ.

ಜೂನ್ 3, ಸೋಮವಾರ. ಅದೇ ಜೀಪು, ಅದೇ ಅಧಿಕಾರಿ. ಅವನು ಇಳಿಯುವ ಮೊದಲೇ ಲಾಡಲೇಸಾಬ ಮಾತು ಶುರು ಮಾಡಿದ: 1932ರ ಬಿತ್ತಿಗೆ, ತಂದೆಯ ಕೂರಿಗೆ, ನಲವತ್ತೆರಡು ಬೆಳೆ. ಅಧಿಕಾರಿ ಕೊನೆಯವರೆಗೂ ಕೇಳಿಸಿಕೊಂಡ.

“ಅದೆಲ್ಲಾ ಖರೇ ಇರಬಹುದು. ಇವತ್ತು ಇಲ್ಲಿ ಏನೈತಿ, ತೋರ್ಸು.”

ಹರಗಿದ ಕರಿ ಮಣ್ಣು ಹಳಿಯವರೆಗೂ ಬಿಸಿಲಿಗೆ ಬಾಯಿ ಬಿಟ್ಟು ಬಿದ್ದಿತ್ತು. ಲಾಡಲೇಸಾಬ ಕೈ ಎತ್ತಿ ಮತ್ತೆ ನೆಲವನ್ನೇ ತೋರಿಸಿದ.

ಅಧಿಕಾರಿ ಹಳೆಯ ಷರಾವನ್ನೇ ಅಕ್ಷರ ತಪ್ಪದೆ ನಕಲು ಮಾಡಿ ಹೊಸ ತಾರೀಖು ಹಾಕಿದ. ಜೀಪು ತಿರುಗುತ್ತಿದ್ದಂತೆ ಬದುವಿನ ಮೇಲಿನವನು ಟೇಪು ಬಿಚ್ಚುತ್ತ ಹೊಲದೊಳಕ್ಕೆ ಕಾಲಿಟ್ಟ.